ಮುಳ್ಳು ಕಡಿಮೆಯಾದ ಕೊಂಬೆ: ನಿಂಬೆ ಜಾತಿಯ ಗಿಡಕ್ಕೆ ಕಿರಣ ತಾಗಿದರೆ ಏನಾಗುತ್ತದೆ?

ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪ ಕಾಫಿ ಕುಡಿಯೋಕೂ ಬಿಡದೆ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋದರು. ಹಿರಿಯೂರಿನಿಂದ ಚಳ್ಳಕೆರೆ ಕಡೆ ಹೋಗುವ ದಾರಿಯಲ್ಲಿ ಅವರದು ಒಂದೂವರೆ ಎಕರೆ ನಿಂಬೆ. ಅದರ ಪಕ್ಕದಲ್ಲೇ ಒಂದಷ್ಟು ಮೂಸಂಬಿ ಗಿಡಗಳಿವೆ. ಅವರಿಗೆ ನನ್ನ ಹತ್ತಿರ ಎರಡು ವಿಷಯ ಕೇಳಬೇಕಿತ್ತು.

ಮೊದಲನೆಯದು ಒಂದು ಸಸಿಯ ಮಾತು. ಹಿಂದಿನ ವಾರ ಯಾರೋ ಗಾಡಿಯಲ್ಲಿ ಸಸಿ ತುಂಬಿಕೊಂಡು ಬಂದಿದ್ದರಂತೆ. 'ಇದು ರೇಡಿಯೇಷನ್ ಕೊಟ್ಟ ನಿಂಬೆ. ಗೊಬ್ಬರ ಅರ್ಧ ಹಾಕಿದರೆ ಸಾಕು, ಕಾಯಿ ಎರಡರಷ್ಟು ಬರುತ್ತೆ' ಅಂದರಂತೆ. ಎರಡನೆಯದನ್ನು ಚಿಕ್ಕಪ್ಪ ಕೈಯಲ್ಲೇ ತೋರಿಸಿದರು. ಹದಿನಾಲ್ಕು ವರ್ಷದ ಒಂದು ನಿಂಬೆ ಗಿಡದಲ್ಲಿ ಒಂದೇ ಒಂದು ಕೊಂಬೆಗೆ ಮುಳ್ಳು ತುಂಬಾ ಕಡಿಮೆ. ಉಳಿದ ಗಿಡಕ್ಕೆ ಕೈ ಹಾಕಿದರೆ ರಕ್ತ ಬರುತ್ತೆ. ಈ ಕೊಂಬೆಯನ್ನು ಸುಮ್ನೆ ಸವರಬಹುದು.

'ನೀನು ಮಕ್ಕಳಿಗೆ ಜೀವಶಾಸ್ತ್ರ ಹೇಳ್ತೀಯಲ್ಲಪ್ಪ. ಆ ಸಸಿ ನಿಜಾನಾ? ಈ ಕೊಂಬೆ ಯಾಕೆ ಹೀಗೆ?' ಅಂದರು.

ಅವರಿಗೆ ಎರಡೂ ಬೇರೆ ಬೇರೆ ಪ್ರಶ್ನೆ. ಆದರೆ ಎರಡಕ್ಕೂ ಬೇರು ಒಂದೇ. ಅವತ್ತು ಬದುವಿನ ಮೇಲೆ ಕೂತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕೊಂಬೆಯಿಂದಲೇ ಶುರು ಮಾಡೋಣ. ಗಿಡ ಬೆಳೆಯುವುದು ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ. ಪ್ರತಿ ಸಲವೂ ಒಳಗಿರುವ ಡಿಎನ್‌ಎ ನಕಲಾಗಬೇಕು. ಕೋಟಿಗಟ್ಟಲೆ ನಕಲಿನಲ್ಲಿ ಎಲ್ಲೋ ಒಂದು ತಪ್ಪು ಉಳಿದುಬಿಡುತ್ತದೆ. ಬಹುಪಾಲು ತಪ್ಪುಗಳಿಂದ ಏನೂ ಆಗುವುದಿಲ್ಲ. ಒಂದೊಂದು ಸಲ ಆ ತಪ್ಪು ಕುಡಿಯ ತುದಿಯ ಕೋಶದಲ್ಲೇ ಆಗಿ, ಆ ಕುಡಿಯಿಂದ ಒಂದು ಕೊಂಬೆ ಬಂದರೆ, ಕೊಂಬೆಯೇ ಬೇರೆ ಥರ ಕಾಣುತ್ತದೆ. ಪಠ್ಯಪುಸ್ತಕದಲ್ಲಿ ಇದನ್ನು ಉತ್ಪರಿವರ್ತನೆ ಅನ್ನುತ್ತಾರೆ. ಮ್ಯುಟೇಷನ್ ಅಂದರೂ ಎಲ್ಲರಿಗೂ ಗೊತ್ತಾಗುತ್ತೆ.

ನಿಂಬೆ, ಕಿತ್ತಳೆ, ಮೂಸಂಬಿ, ಚಕ್ಕೋತ, ಹೇರಳೆ, ಗಜನಿಂಬೆ ಎಲ್ಲವೂ ಸಿಟ್ರಸ್ ಅನ್ನುವ ಒಂದೇ ಮನೆತನದವು. ಈ ಮನೆತನಕ್ಕೆ ಇಂಥ ಕೊಂಬೆಗಳು ತುಂಬಾ ಕೊಟ್ಟಿವೆ. ಹೊಕ್ಕುಳದಂಥ ಗುರುತು ಇರುವ, ಬೀಜವಿಲ್ಲದ ನೇವಲ್ ಕಿತ್ತಳೆ ಬ್ರೆಜಿಲ್‌ನ ಬಾಹಿಯಾ ಕಡೆಯಲ್ಲಿ ಹೀಗೇ ತಾನಾಗಿ ಬಂದದ್ದು. 1873ರಲ್ಲಿ ಅದರ ಗಿಡಗಳು ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ಗೆ ಬಂದವು. ಅದಕ್ಕೆ ಬೀಜವೇ ಇಲ್ಲ. ಹಾಗಾಗಿ ಈವತ್ತು ಜಗತ್ತಿನಲ್ಲಿ ಇರುವ ನೇವಲ್ ಗಿಡಗಳಲ್ಲಿ ಬಹುಪಾಲು ಆ ಒಂದು ಮೂಲದಿಂದ ಕಣ್ಣು ಕಸಿ ಮಾಡುತ್ತಾ, ಅಂದರೆ ಕಡ್ಡಿಯ ಮೊಗ್ಗನ್ನು ತೆಗೆದು ಬೇರೆ ಸಸಿಗೆ ಕೂರಿಸುತ್ತಾ ಬಂದವು. 1929ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಒಂದು ಗ್ರೇಪ್‌ಫ್ರೂಟ್ ಗಿಡದ ಒಂದೇ ಕೊಂಬೆಯಲ್ಲಿ ಕೆಂಪು ತಿರುಳಿನ ಹಣ್ಣು ಬಿಟ್ಟಿತ್ತು. ಅದೇ ರೂಬಿ ರೆಡ್. ಗ್ರೇಪ್‌ಫ್ರೂಟ್ ನಮ್ಮಲ್ಲಿ ಅಷ್ಟು ಸಿಗಲ್ಲ. ನಮ್ಮ ಚಕ್ಕೋತ ಮತ್ತು ಕಿತ್ತಳೆ ಸೇರಿ ಹುಟ್ಟಿದ ಹಣ್ಣು ಅಂದುಕೊಳ್ಳಿ.

ಹಾಗಾದರೆ ಕಿರಣ ಎಲ್ಲಿಂದ ಬಂತು? ತಾನಾಗಿ ಆಗುವ ಇಂಥ ಬದಲಾವಣೆ ತೀರಾ ಅಪರೂಪ. ಕಾಯುತ್ತಾ ಕೂತರೆ ಒಬ್ಬರ ಆಯಸ್ಸು ಸಾಲದು. 1927ರಲ್ಲಿ ಹರ್ಮನ್ ಮುಲ್ಲರ್ ಅನ್ನುವ ವಿಜ್ಞಾನಿ, ಹಣ್ಣಿನ ನೊಣಗಳಿಗೆ ಎಕ್ಸ್-ರೇ ಬಿಟ್ಟರೆ ಈ ಬದಲಾವಣೆ ಬಹಳ ಪಟ್ಟು ಹೆಚ್ಚುತ್ತದೆ ಎಂದು ತೋರಿಸಿದರು. ಅದಕ್ಕೆ 1946ರಲ್ಲಿ ಅವರಿಗೆ ನೊಬೆಲ್ ಬಂತು. 1928ರಲ್ಲಿ ಲೂಯಿಸ್ ಸ್ಟಾಡ್ಲರ್ ಬಾರ್ಲಿಯಲ್ಲೂ ಇದನ್ನೇ ತೋರಿಸಿದರು. ಅಲ್ಲಿಂದ ಇದು ತಳಿ ಅಭಿವೃದ್ಧಿಯ ಒಂದು ದಾರಿಯೇ ಆಯಿತು. ಈಗ ಜಗತ್ತಿನಲ್ಲಿ ಈ ದಾರಿಯಿಂದ ಬಂದ ತಳಿಗಳು 3,000ಕ್ಕೂ ಹೆಚ್ಚು ದಾಖಲಾಗಿವೆ.

ಇದು ನಮಗೆ ದೂರದ ವಿಷಯವೇನಲ್ಲ. ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲುಗಳ ಊರು, ಸುತ್ತ ಶೇಂಗಾ ಹೊಲ. ಶೇಂಗಾದಲ್ಲಿ ಟಿಎಜಿ 24 ಅನ್ನುವ ಹೆಸರನ್ನು ನಮ್ಮ ಭಾಗದ ಎಷ್ಟೋ ರೈತರು ಕೇಳಿರುತ್ತಾರೆ. ಅದರಲ್ಲಿ ಮೊದಲ ಅಕ್ಷರ ಟ್ರಾಂಬೆಯದು, ಎರಡನೆಯದು ಮಹಾರಾಷ್ಟ್ರದ ಅಕೋಲಾದ್ದು. ಮುಂಬೈನ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಕಿರಣ ಕೊಟ್ಟು ಬಂದ ಸಾಲಿನ ಗಿಡಗಳಿಂದ ಅದು ಹುಟ್ಟಿತು. ಗಿಡ ಗಿಡ್ಡ, ಬೇಗ ಕೊಯ್ಲಿಗೆ ಬರುತ್ತದೆ. ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ಅವರ ಮುಖದ ಗಾಬರಿ ಅರ್ಧ ಇಳಿಯಿತು.

ಗಾಬರಿಯ ಇನ್ನರ್ಧವನ್ನೂ ಇಳಿಸಬೇಕು. ಕಿರಣ ಕೊಟ್ಟ ಗಿಡದ ಹಣ್ಣು ತಿಂದರೆ ನಮಗೆ ಕಿರಣ ತಾಗುತ್ತಾ? ಇಲ್ಲ. ದಾವಣಗೆರೆಗೆ ಹೋಗಿ ಎಕ್ಸ್-ರೇ ತೆಗೆಸಿಕೊಂಡು ಬಂದವರು ಮನೆಯಲ್ಲಿ ಕಿರಣ ಬಿಡುತ್ತಾ ಕೂರುವುದಿಲ್ಲ, ಅಲ್ವಾ? ಇದೂ ಹಾಗೆಯೇ. ಸಾಮಾನ್ಯವಾಗಿ ಬಳಸುವುದು ಕೋಬಾಲ್ಟ್-60 ಅನ್ನುವ ಮೂಲದಿಂದ ಬರುವ ಗಾಮಾ ಕಿರಣ. ಕಸಿಗೆಂದು ಕತ್ತರಿಸಿದ ಕಡ್ಡಿಯನ್ನು ಅದು ಹಾದು ಹೋಗುತ್ತದೆ, ಒಳಗೆ ಉಳಿಯುವುದಿಲ್ಲ. ಕಡ್ಡಿಯನ್ನು ಹೊರಗೆ ತೆಗೆದ ಮೇಲೆ ಅದರಲ್ಲಿ ಕಿರಣ ಸೂಸುವಂಥದ್ದು ಏನೂ ಇರುವುದಿಲ್ಲ. ಉಳಿಯುವುದು ಆದ ಗಾಯ ಮಾತ್ರ.

ಗಾಯ ಅನ್ನುವ ಪದವನ್ನು ಬೇಕೆಂದೇ ಬಳಸಿದೆ. ಸಸಿ ಮಾರುವವರು ಹೇಳುವಂತೆ ಕಿರಣ ಗಿಡಕ್ಕೆ ಶಕ್ತಿ ಕೊಡುವುದಿಲ್ಲ. ಅದು ಗೊಬ್ಬರವಲ್ಲ, ಟಾನಿಕ್ಕೂ ಅಲ್ಲ. ಅದು ಮುರಿಯುತ್ತದೆ.

ಹೇಗೆ ಅಂತ ಹೇಳೋಕೆ ಮೊಳಕಾಲ್ಮೂರಿನ ಮಗ್ಗ ನೆನಪಿಸಿಕೊಳ್ಳಿ. ಸೀರೆ ನೇಯುವಾಗ ಉದ್ದಕ್ಕೆ ಹಾಸಿನ ನೂಲು ಇರುತ್ತದೆ. ನೇಯುತ್ತಿರುವಾಗ ಒಂದು ನೂಲು ತುಂಡಾದರೆ ನೇಕಾರರು ಗಂಟು ಹಾಕುತ್ತಾರೆ. ಸರಿಯಾದ ತುದಿಗೆ ಗಂಟು ಬಿದ್ದರೆ ಏನೂ ಗೊತ್ತಾಗುವುದಿಲ್ಲ. ಅಪ್ಪಿತಪ್ಪಿ ಪಕ್ಕದ ನೂಲಿಗೆ ಗಂಟು ಬಿತ್ತು ಅನ್ನಿ. ಅಲ್ಲಿಂದ ಮುಂದೆ ನೇಯ್ದಷ್ಟೂ ಉದ್ದಕ್ಕೆ ಬುಟ್ಟಾದ ವಿನ್ಯಾಸ ಬದಲಾಗಿಬಿಡುತ್ತದೆ. ಗಾಮಾ ಕಿರಣ ಮಾಡುವುದು ಇದನ್ನೇ. ಅದು ಡಿಎನ್‌ಎಯನ್ನು ನೇರವಾಗಿ ಕತ್ತರಿಸಬಹುದು. ಕೋಶದೊಳಗಿನ ನೀರನ್ನು ಒಡೆದು, ಅದರಿಂದ ಹುಟ್ಟುವ ಉರಿಗೋಪದ ತುಣುಕುಗಳಿಂದಲೂ ಡಿಎನ್‌ಎಯನ್ನು ಕಡಿಯಬಹುದು. ಕೋಶ ಸುಮ್ಮನಿರುವುದಿಲ್ಲ, ತುಂಡಾದ ತುದಿಗಳನ್ನು ಅವಸರದಲ್ಲಿ ಜೋಡಿಸುತ್ತದೆ. ಆ ಅವಸರದಲ್ಲಿ ಕೆಲವು ಅಕ್ಷರ ಕಳೆದುಹೋಗುತ್ತವೆ. ಡಿಎನ್‌ಎ ಸುತ್ತಿಕೊಂಡಿರುವ ಉಂಡೆಗೆ ಕ್ರೋಮೋಸೋಮು ಅನ್ನುತ್ತಾರೆ, ಅಂಥ ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಕೆಲವು ತುಂಡು ತಲೆಕೆಳಗಾಗಿ ಕೂರುತ್ತವೆ. ಆ ಕೋಶದಿಂದ ಹುಟ್ಟುವ ಕೋಶಗಳೆಲ್ಲ ಅದೇ ತಪ್ಪನ್ನು ಹೊತ್ತು ಹೋಗುತ್ತವೆ.

ಎಷ್ಟು ಕಿರಣ ಅನ್ನುವುದು ಇಲ್ಲಿ ದೊಡ್ಡ ಪ್ರಶ್ನೆ. ಇದನ್ನು ಅಳೆಯುವ ಮಾಪನ ಗ್ರೇ. ಒಂದು ಕಿಲೋ ವಸ್ತು ಒಂದು ಜೂಲ್ ಶಕ್ತಿ ಹೀರಿಕೊಂಡರೆ ಅದು ಒಂದು ಗ್ರೇ. ಸಿಟ್ರಸ್ ಗಿಡದ ಕಣ್ಣಿರುವ ಕಡ್ಡಿಗಳಿಗೆ ಕೊಡುವುದು ಸುಮಾರು 20 ರಿಂದ 60 ಗ್ರೇ ಆಸುಪಾಸು. 50 ಗ್ರೇ ಅಂದರೆ ಒಂದು ಲೋಟ ನೀರು ಡಿಗ್ರಿಯ ನೂರರಲ್ಲಿ ಒಂದು ಪಾಲು ಬಿಸಿಯಾಗುವಷ್ಟು ಶಕ್ತಿ, ಅಷ್ಟೇ. ಕೈಗೆ ಗೊತ್ತೂ ಆಗುವುದಿಲ್ಲ. ಆದರೆ ಮನುಷ್ಯನ ಇಡೀ ಮೈಗೆ ಒಂದೇ ಸಲ 4–5 ಗ್ರೇ ಬಿದ್ದು ಚಿಕಿತ್ಸೆ ಸಿಗದಿದ್ದರೆ ಬದುಕುವ ಸಾಧ್ಯತೆ ಅರ್ಧಕ್ಕಿಳಿಯುತ್ತದೆ. ಶಕ್ತಿ ಕಡಿಮೆ, ಬೀಳುವ ಜಾಗ ಸೂಕ್ಷ್ಮ. ಅದಕ್ಕೇ ಇದು ಮನೆಯಲ್ಲೋ ನರ್ಸರಿಯಲ್ಲೋ ಮಾಡುವ ಕೆಲಸವಲ್ಲ. ದಪ್ಪ ಸೀಸದ ಗೋಡೆಯ ಯಂತ್ರ, ಪರವಾನಗಿ, ತರಬೇತಿ ಎಲ್ಲ ಬೇಕು.

ಈಗ ಬೆಳವಣಿಗೆಯ ವಿಷಯಕ್ಕೆ ಬರೋಣ. ಕಿರಣ ತಾಗಿದ ಕಣ್ಣುಗಳನ್ನು ಕಸಿ ಮಾಡಿದಾಗ ಮೊದಲು ಕಾಣುವುದು ಒಳ್ಳೆಯದಲ್ಲ. ಬಹಳಷ್ಟು ಕಣ್ಣು ಒಣಗಿಹೋಗುತ್ತವೆ. ಉಳಿದವು ತಡವಾಗಿ ಚಿಗುರುತ್ತವೆ. ಎಲೆ ಸಣ್ಣದು, ಮುರುಟಿದ್ದು, ಒಂದು ಬದಿ ಸೊಟ್ಟ. ಕೆಲವಕ್ಕೆ ಬಿಳಿ ಅಥವಾ ಹಳದಿ ಪಟ್ಟೆ. ಗೆಣ್ಣುಗಳ ನಡುವೆ ಅಂತರ ಕಡಿಮೆಯಾಗಿ ಗಿಡ ಕುಳ್ಳಗಾಗುತ್ತದೆ. ಪ್ರಮಾಣ ಹೆಚ್ಚಿದಷ್ಟೂ ಇದೆಲ್ಲ ಜಾಸ್ತಿ. ವಿಜ್ಞಾನಿಗಳು ಮೊದಲು ಸಣ್ಣ ಪರೀಕ್ಷೆ ಮಾಡಿ, ಎಷ್ಟು ಗ್ರೇಗೆ ಅರ್ಧದಷ್ಟು ಕಣ್ಣು ಸಾಯುತ್ತವೆ ಅಂತ ನೋಡುತ್ತಾರೆ. ಆಮೇಲೆ ಅದರ ಆಸುಪಾಸಿನಲ್ಲೇ, ಸ್ವಲ್ಪ ಕಡಿಮೆಗೆ, ಪ್ರಮಾಣ ನಿಗದಿ ಮಾಡುತ್ತಾರೆ. ತೀರಾ ಕಡಿಮೆ ಕೊಟ್ಟರೆ ಬದಲಾವಣೆ ಸಿಗುವುದಿಲ್ಲ. ಜಾಸ್ತಿ ಕೊಟ್ಟರೆ ಗಿಡವೇ ಸಿಗುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮೊದಲ ವರ್ಷದ ಈ ಕುಳ್ಳತನ, ಮುರುಟು ಎಲೆ ಎಲ್ಲವೂ ಉತ್ಪರಿವರ್ತನೆಯೇ ಅಲ್ಲ. ಬಹುಪಾಲು ಬರೀ ಪೆಟ್ಟಿನ ಪರಿಣಾಮ. ಜ್ವರ ಬಂದು ಎದ್ದ ಮಗು ಕೆಲವು ತಿಂಗಳು ಸೊರಗಿದಂತೆ ಇರುತ್ತಲ್ಲ, ಹಾಗೆ. ಗಿಡ ಚೇತರಿಸಿಕೊಂಡರೆ ಅದು ಹೋಗುತ್ತದೆ. ಹಾಗೆಯೇ ತೀರಾ ಕಡಿಮೆ ಪ್ರಮಾಣದಲ್ಲಿ ಒಮ್ಮೊಮ್ಮೆ ಬೀಜ ಚುರುಕಾಗಿ ಮೊಳೆಯುವುದೂ ಉಂಟು. ಅದೂ ತಾತ್ಕಾಲಿಕ. ಮುಂದಿನ ಕಸಿಗೆ ಸಾಗುವುದಿಲ್ಲ. ಹಾಗಾಗಿ ಮೊದಲ ವರ್ಷದ ಸಸಿ ನೋಡಿ ಒಳ್ಳೆಯದು, ಕೆಟ್ಟದ್ದು ಅಂತ ತೀರ್ಮಾನಿಸುವುದು ತಪ್ಪು.

ಇನ್ನೊಂದು ತೊಡಕಿದೆ. ನನಗೆ ಇಡೀ ವಿಷಯದಲ್ಲಿ ಅತಿ ಸೊಗಸಾಗಿ ಕಾಣುವುದು ಇದೇ. ಕುಡಿಯ ತುದಿಯಲ್ಲಿ ಕೋಶಗಳು ಮೂರು ಪದರವಾಗಿ ಇರುತ್ತವೆ. ಚಳಿಗೆ ಒಂದರ ಮೇಲೊಂದು ಹೊದ್ದ ಮೂರು ಕಂಬಳಿ ಅಂದುಕೊಳ್ಳಿ. ಮೂರೂ ಒಟ್ಟಿಗೆ ಬೆಳೆಯುತ್ತವೆ, ಆದರೆ ಬೆರೆಯುವುದು ಕಡಿಮೆ. ಮೇಲಿನ ಪದರದಿಂದ ಸಿಪ್ಪೆಯ ಹೊರಮೈ ಬರುತ್ತದೆ, ತೊಳೆಯೊಳಗೆ ರಸ ತುಂಬಿದ ಆ ಪುಟ್ಟ ಚೀಲಗಳೂ ಅದರಿಂದಲೇ. ಎರಡನೆಯ ಪದರದಿಂದ ಪರಾಗ ಮತ್ತು ಬೀಜ. ಕಿರಣ ತಾಗಿ ಬದಲಾವಣೆ ಆಗುವುದು ಸಾಮಾನ್ಯವಾಗಿ ಒಂದು ಪದರದ ಒಂದು ಕೋಶದಲ್ಲಿ. ಮೇಲಿನ ಪದರ ಮಾತ್ರ ಬದಲಾದರೆ ತಿರುಳಿನ ಬಣ್ಣ ಬೇರೆಯಾಗಬಹುದು. ಅದೇ ಹಣ್ಣಿನ ಬೀಜ ನೆಟ್ಟರೆ ಹಳೆಯ ಬಣ್ಣವೇ ಬರುತ್ತದೆ. ಒಂದೇ ಗಿಡದೊಳಗೆ ಎರಡು ಗಿಡ ಬದುಕಿದ ಹಾಗೆ.

ಇದನ್ನು ಬಿಡಿಸಲು ತಾಳ್ಮೆ ಬೇಕು. ಕಿರಣ ಪಡೆದ ಕಣ್ಣಿನಿಂದ ಬಂದ ಚಿಗುರಿನ ಕಣ್ಣು ತೆಗೆದು ಮತ್ತೆ ಕಸಿ ಮಾಡಬೇಕು. ಅದರ ಚಿಗುರಿನಿಂದ ಇನ್ನೊಮ್ಮೆ. ಹೀಗೆ ಮೂರು ನಾಲ್ಕು ಸಲ ಮಾಡಿದ ಮೇಲೆ ಬದಲಾದ ಕೋಶಗಳೇ ತುಂಬಿರುವ, ಗುಣ ನಿಂತಿರುವ ಕೊಂಬೆ ಸಿಗಬಹುದು. ಆಮೇಲೆ ಅದು ಕಾಯಿ ಬಿಡಬೇಕು. ಬಿಟ್ಟ ಕಾಯಿಯನ್ನು ಹಲವು ವರ್ಷ ನೋಡಬೇಕು.

ಲೆಕ್ಕ ನೋಡಿ. ಟೆಕ್ಸಾಸ್‌ನಲ್ಲಿ ಹಡ್ಸನ್ ಅನ್ನುವ ಗ್ರೇಪ್‌ಫ್ರೂಟ್ ಇತ್ತು. ತಿರುಳು ಕಡುಗೆಂಪು, ಆದರೆ ತುಂಬಾ ಬೀಜ. 1959ರಲ್ಲಿ ರಿಚರ್ಡ್ ಹೆನ್ಜ್ ಅನ್ನುವ ತಜ್ಞರು ಅದರ ಬೀಜಗಳಿಗೆ ನ್ಯೂಟ್ರಾನ್ ಕಿರಣ ಕೊಡಿಸಿದರು. 1970ರಲ್ಲಿ ಸ್ಟಾರ್ ರೂಬಿ ತಳಿ ಹೊರಬಂತು. ಹನ್ನೊಂದು ವರ್ಷ. ಕಿರಣ ಪಡೆದ ಇನ್ನೊಂದು ಕಡ್ಡಿಯ ಕಥೆ 1963ರಲ್ಲಿ ಶುರುವಾಯಿತು. ಆ ಗಿಡದಲ್ಲಿ ಇನ್ನೂ ಕೆಂಪಾದ ಕೊಂಬೆ ಕಣ್ಣಿಗೆ ಬಿದ್ದದ್ದು 1976ರಲ್ಲಿ. ರಿಯೋ ರೆಡ್ ಎಂಬ ಹೆಸರಿನಲ್ಲಿ ರೈತರ ಕೈಗೆ ಬಂದದ್ದು 1984ರಲ್ಲಿ. ಇಪ್ಪತ್ತೊಂದು ವರ್ಷ! ಈಗ ಟೆಕ್ಸಾಸ್‌ನ ಗ್ರೇಪ್‌ಫ್ರೂಟ್ ತೋಟಗಳಲ್ಲಿ ಬಹುಪಾಲು ಇವೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದಿಂದ 2006ರಲ್ಲಿ ಬಂದ ಟ್ಯಾಂಗೋ ಕಿತ್ತಳೆಯೂ ಹೀಗೇ ಕಿರಣ ಕೊಟ್ಟ ಕಣ್ಣಿನಿಂದ ಬಂದದ್ದು. ಅದರ ಮೂಲ ಗಿಡಕ್ಕೆ ಪಕ್ಕದ ತೋಟದ ಪರಾಗ ಬಿದ್ದರೆ ಹಣ್ಣಿನ ತುಂಬಾ ಬೀಜ. ಟ್ಯಾಂಗೋಗೆ ಜೇನು ಎಷ್ಟೇ ಓಡಾಡಿದರೂ ಬೀಜ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಬೀಜ ಯಾಕೆ ಹೋಗುತ್ತದೆ? ಮಗ್ಗದ ಗಂಟು ನೆನಪಿದೆಯಲ್ಲ. ಕ್ರೋಮೋಸೋಮಿನ ತುಂಡುಗಳು ಅದಲುಬದಲಾದರೆ ಎಲೆ, ಕೊಂಬೆ ಬೆಳೆಯಲು ಅಷ್ಟೇನೂ ತೊಂದರೆಯಿಲ್ಲ. ಆದರೆ ಪರಾಗ ಮತ್ತು ಅಂಡ ಆಗುವಾಗ ಕ್ರೋಮೋಸೋಮುಗಳು ಜೋಡಿ ಜೋಡಿಯಾಗಿ ಹೊಂದಿಕೊಂಡು ಪಾಲಾಗಬೇಕು. ಹೊಂದಿಕೆ ತಪ್ಪಿದಾಗ ಪಾಲೂ ತಪ್ಪುತ್ತದೆ, ಪರಾಗ ಜೊಳ್ಳಾಗುತ್ತದೆ. ಬೀಜ ಕಟ್ಟುವುದಿಲ್ಲ. ಬೀಜವಿಲ್ಲದೆಯೂ ಕಾಯಿ ಹಿಡಿಯುವ ಗುಣ ಆ ಗಿಡಕ್ಕೆ ಮೊದಲೇ ಇದ್ದರೆ ಮಾತ್ರ ಇದು ಲಾಭ. ಇಲ್ಲದಿದ್ದರೆ ಬೀಜದ ಜೊತೆ ಕಾಯಿಯೂ ಉದುರುತ್ತದೆ. ಅಂದರೆ ಇಲ್ಲಿ ನಮಗೆ ಬೇಕಾದ 'ಸುಧಾರಣೆ' ಗಿಡದ ಮಟ್ಟಿಗೆ ಒಂದು ಊನ. ಬಹಳಷ್ಟು ಸಲ ಹೀಗೇ ಆಗುತ್ತದೆ.

ಇನ್ನು ಪೋಷಣೆ. ಗೊಬ್ಬರ ಅರ್ಧ ಸಾಕು ಅನ್ನುವ ಮಾತು ಎಷ್ಟು ನಿಜ?

ಮೊದಲು ಗಿಡದ ರಚನೆ ನೋಡೋಣ. ಕಸಿ ಗಿಡ ಅಂದರೆ ಎರಡು ಗಿಡ. ಕೆಳಗೆ ಬೇರು ಕೊಡುವ ಸಸಿ, ನಮ್ಮಲ್ಲಿ ಸಾಮಾನ್ಯವಾಗಿ ರಂಗಪುರ ನಿಂಬೆ ಅಥವಾ ಜಂಬೇರಿ. ಮೇಲೆ ಮೂಸಂಬಿ. ಕಿರಣ ಕೊಟ್ಟದ್ದು ಮೇಲಿನ ಕಣ್ಣಿಗೆ. ಬೇರಿಗೆ ಏನೂ ಆಗಿಲ್ಲ. ಮಣ್ಣಿನಿಂದ ಸತು, ಕಬ್ಬಿಣ, ರಂಜಕ ಎಳೆಯುವ ಕೆಲಸ ಬೇರಿನದು. ಹಾಗಿರುವಾಗ ಮೇಲಿನ ಕಣ್ಣಿಗೆ ಕಿರಣ ಕೊಟ್ಟ ಮಾತ್ರಕ್ಕೆ ಗೊಬ್ಬರ ಅರ್ಧ ಸಾಕು ಅಂದರೆ ನಂಬುವುದು ಹೇಗೆ?

ಹಾಗಂತ ಮೇಲಿನ ಬದಲಾವಣೆಯಿಂದ ಪೋಷಣೆಗೆ ಏನೂ ಆಗಲ್ಲ ಅಂತಲೂ ಅಲ್ಲ. ಬೇರು ದುಡಿಯಲು ಎಲೆ ಸಕ್ಕರೆ ಕಳಿಸಬೇಕು. ಎಲೆ ಸಣ್ಣದಾದರೆ, ಹಸಿರು ಕಡಿಮೆಯಾದರೆ, ಬೇರಿಗೆ ಊಟ ಕಡಿಮೆ. ಬೇರು ಸೊರಗಿದರೆ ಮಣ್ಣಿನಲ್ಲಿ ಎಲ್ಲ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಸ್ಟಾರ್ ರೂಬಿಯೇ ಇದಕ್ಕೆ ಸಾಕ್ಷಿ. ಹಣ್ಣು ಅಷ್ಟು ಚಂದ, ಬೀಜ ಇಲ್ಲದಷ್ಟು ಕಡಿಮೆ. ಆದರೆ ಎಲೆಯಲ್ಲಿ ಹಸಿರು ಕಡಿಮೆ, ಅಲ್ಲಲ್ಲಿ ಹಳದಿ ಮಚ್ಚೆ. ಕಳೆನಾಶಕ ತಾಗಿದರೆ ಬೇಗ ನಲುಗುತ್ತದೆ. ಬುಡ ಕೊಳೆಯುವ ರೋಗಕ್ಕೂ ಬೇಗ ತುತ್ತಾಗುತ್ತದೆ. ಹಣ್ಣು ನೋಡಿ ಗಿಡ ಆರಿಸಿದರು, ಗಿಡದ ಮೈ ಅದರ ಬೆಲೆ ಕೊಟ್ಟಿತು. ಆಮೇಲೆ ಬಂದ ರಿಯೋ ರೆಡ್ ಗಟ್ಟಿ ಗಿಡ. ಅದು ಹೆಚ್ಚು ನಿಂತದ್ದು ಇದೇ ಕಾರಣಕ್ಕೆ.

ಈಗ ಒಂದು ಸೂಕ್ಷ್ಮ. ಎಲೆಯ ಪರೀಕ್ಷೆ ಮಾಡಿಸಿದಾಗ, ಕಿರಣದಿಂದ ಬದಲಾಗಿ ಕುಳ್ಳಗಾದ ಗಿಡದ ಎಲೆಯಲ್ಲಿ ಸಾರಜನಕವೋ ಸತುವೋ ಜಾಸ್ತಿ ಕಾಣಬಹುದು. ತಕ್ಷಣ 'ನೋಡಿ, ಇದು ಹೆಚ್ಚು ಪೋಷಕಾಂಶ ಹೀರುತ್ತೆ' ಅನ್ನಿಸುತ್ತದೆ. ನಿಲ್ಲಿ. ಒಂದು ಚಮಚ ಉಪ್ಪನ್ನು ಚಿಕ್ಕ ಪಾತ್ರೆಯ ಸಾರಿಗೆ ಹಾಕಿದರೆ ಉಪ್ಪುಪ್ಪು. ದೊಡ್ಡ ಪಾತ್ರೆಗೆ ಹಾಕಿದರೆ ಸಪ್ಪೆ. ಉಪ್ಪು ಅಷ್ಟೇ, ಸಾರು ಬೇರೆ. ಹಾಗೆಯೇ ಗಿಡ ಬೆಳೆಯದೇ ನಿಂತಾಗ ಬಂದಷ್ಟೇ ಪೋಷಕಾಂಶ ಕಡಿಮೆ ಎಲೆಯಲ್ಲಿ ಗುಡ್ಡೆಯಾಗುತ್ತದೆ. ಶೇಕಡಾವಾರು ಏರುತ್ತದೆ. ಗಿಡ ಒಟ್ಟು ಹೀರಿದ್ದು ಕಡಿಮೆಯೇ ಇರಬಹುದು. ಆದ್ದರಿಂದ ಎಲೆಯ ಅಂಕಿಯನ್ನು ಗಿಡದ ಗಾತ್ರದ ಜೊತೆ, ಕಾಯಿಯ ತೂಕದ ಜೊತೆ ಇಟ್ಟು ಓದಬೇಕು. ಪೊಟ್ಯಾಷ್‌ನದ್ದು ಇದಕ್ಕೆ ತಿರುಗು ಮುರುಗು. ಸಿಟ್ರಸ್ ಹಣ್ಣು ತನ್ನ ಜೊತೆ ಹೊತ್ತೊಯ್ಯುವುದರಲ್ಲಿ ಪೊಟ್ಯಾಷ್ ಪಾಲು ದೊಡ್ಡದು. ಕಾಯಿ ಭರ್ತಿ ಬಿಟ್ಟ ಗಿಡದ ಎಲೆಯಲ್ಲಿ ಪೊಟ್ಯಾಷ್ ಇಳಿದು ಕಾಣುತ್ತದೆ. ಅದು ಗಿಡದ ದೋಷವಲ್ಲ, ದುಡಿಮೆ. ಒಂದು ತಳಿ ನಿಜವಾಗಲೂ ಕಾಯಿ ಎರಡರಷ್ಟು ಬಿಟ್ಟರೆ ಅದಕ್ಕೆ ಪೊಟ್ಯಾಷ್ ಅರ್ಧ ಸಾಕಾಗುವುದು ಹಾಗಿರಲಿ, ಇನ್ನೂ ಜಾಸ್ತಿ ಬೇಕು. ಸಸಿ ಮಾರುವವರ ಎರಡೂ ಮಾತು ಒಂದಕ್ಕೊಂದು ಕೂಡಿ ಬರುವುದಿಲ್ಲ ಅಂತ ಚಿಕ್ಕಪ್ಪನಿಗೆ ಹೊಳೆದದ್ದು ಇಲ್ಲೇ.

ನಮ್ಮ ಕಡೆಯ ನೆಲಕ್ಕೆ ಇನ್ನೊಂದು ಮಾತು ಸೇರಿಸಬೇಕು. ಹಿರಿಯೂರು ಭಾಗದ ಎಷ್ಟೋ ಕಪ್ಪು ಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತವೆ. ಬೋರ್‌ವೆಲ್ ನೀರೂ ಗಡಸು. ಇಂಥ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟು ಇರುತ್ತದೆ, ಆದರೆ ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ಸಿಟ್ರಸ್ ಬೇರು ತನ್ನ ಸುತ್ತ ಹುಳಿ ಬಿಟ್ಟು, ಕಬ್ಬಿಣವನ್ನು ಕರಗುವ ರೂಪಕ್ಕೆ ತಿರುಗಿಸಿ, ಆಮೇಲೆ ಒಳಕ್ಕೆ ಎಳೆದುಕೊಳ್ಳುತ್ತದೆ. ಸುಣ್ಣ ಆ ಹುಳಿಯನ್ನೇ ತಿಂದುಹಾಕುತ್ತದೆ. ಆಗ ಎಳೆಯ ಎಲೆ ಹಳದಿ, ನರ ಮಾತ್ರ ಹಸಿರು. ಸತುವಿನ ಕೊರತೆಯಾದರೆ ಎಲೆ ಸಣ್ಣಗೆ, ಕಿರಿದಾಗಿ, ನರಗಳ ನಡುವೆ ಹಳದಿ ಮಚ್ಚೆ. ಮೆಗ್ನೀಷಿಯಂ ಕಡಿಮೆಯಾದರೆ ಹಳೆಯ ಎಲೆಯಲ್ಲಿ ಬುಡದ ಹತ್ತಿರ ತ್ರಿಕೋನದಷ್ಟು ಹಸಿರು ಉಳಿದು ಸುತ್ತ ಹಳದಿ.

ಯಾಕೆ ಇದನ್ನು ಹೇಳಿದೆ ಅಂದರೆ, ಕಿರಣದ ಪೆಟ್ಟಿನಿಂದಲೂ ಎಲೆ ಹಳದಿಯಾಗುತ್ತದೆ, ಸಣ್ಣದಾಗುತ್ತದೆ. ಎರಡೂ ನೋಡಲು ಅಣ್ಣತಮ್ಮಂದಿರ ಹಾಗೆ. ಹಸಿರು ಮಾಡುವ ವಂಶವಾಹಿಯೇ ಕೆಟ್ಟಿದ್ದರೆ ಕಬ್ಬಿಣ ಸಿಂಪಡಿಸಿದರೂ ಎಲೆ ಹಸಿರಾಗುವುದಿಲ್ಲ. ಕಬ್ಬಿಣದ್ದೇ ಕೊರತೆಯಾಗಿದ್ದರೆ ಸಿಂಪಡಿಸಿದ ಜಾಗ ಕೆಲವು ದಿನದಲ್ಲಿ ಹಸಿರಾಗುತ್ತದೆ. ಒಂದು ರೆಂಬೆಗೆ ಮಾತ್ರ ಸಿಂಪಡಿಸಿ ನೋಡುವ ಈ ಸರಳ ಪರೀಕ್ಷೆ ಬಹಳ ಗೊಂದಲ ಬಿಡಿಸುತ್ತದೆ.

ಪ್ರಯೋಗಾಲಯಕ್ಕೆ ಎಲೆ ಕಳಿಸುವಾಗಲೂ ಹುಷಾರು. 4 ರಿಂದ 6 ತಿಂಗಳ, ಕಾಯಿ ಇಲ್ಲದ ರೆಂಬೆಯ ಎಲೆ ಆರಿಸಬೇಕು. ಫ್ಲಾರಿಡಾದವರು ಇಟ್ಟುಕೊಂಡಿರುವ ಅಳತೆಯಲ್ಲಿ ಇಂಥ ಎಲೆಯ ಒಣ ತೂಕದಲ್ಲಿ ಸಾರಜನಕ ಶೇ. 2.5–2.7, ಪೊಟ್ಯಾಷಿಯಂ ಶೇ. 1.2–1.7 ಇದ್ದರೆ ಸರಿ. ಅದು ಅಲ್ಲಿನ ಕಿತ್ತಳೆಗೆ ಮಾಡಿದ ಅಳತೆ, ನಮಗೆ ಒಂದು ಅಂದಾಜಿಗೆ ಅಷ್ಟೇ. ಇನ್ನು ನಮ್ಮ ಚಳ್ಳಕೆರೆ ದಾರಿಯ ಕೆಂಪು ಧೂಳು! ಅದರಲ್ಲಿ ಕಬ್ಬಿಣ ತುಂಬಿದೆ. ಎಲೆ ತೊಳೆಯದೆ ಕಳಿಸಿದರೆ ಧೂಳಿನ ಕಬ್ಬಿಣವೇ ಎಲೆಯ ಕಬ್ಬಿಣ ಅಂತ ವರದಿಯಲ್ಲಿ ಬರುತ್ತದೆ. ತೊಳೆದ ಮೇಲೂ ಕಬ್ಬಿಣದ ಅಂಕಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಹಳದಿ ಎಲೆಯಲ್ಲೂ ಕೆಲವೊಮ್ಮೆ ಹಸಿರು ಎಲೆಯಷ್ಟೇ ಕಬ್ಬಿಣ ಸಿಗುತ್ತದೆ. ಒಳಗೆ ಇದೆ, ಕೆಲಸಕ್ಕೆ ಬರುತ್ತಿಲ್ಲ.

ಹಾಗಾದರೆ ಪೋಷಣೆಯ ಗುಣವನ್ನೇ ಗುರಿಯಾಗಿಟ್ಟು ಕಿರಣ ಬಳಸಬಹುದಾ? ಬಳಸಬಹುದು, ಆದರೆ ಬೇರಿನ ಕಡೆಯಿಂದ. ಬೇರು ಕೊಡುವ ಸಸಿಯ ಬೀಜಕ್ಕೇ ಕಿರಣ ಕೊಟ್ಟು, ಸಾವಿರಾರು ಸಸಿ ಬೆಳೆಸಿ, ಉಪ್ಪು ನೀರಿನಲ್ಲೋ ಸುಣ್ಣದ ಮಣ್ಣಿನಲ್ಲೋ ಇಟ್ಟು, ಹಸಿರಾಗಿ ಉಳಿದದ್ದನ್ನು ಆರಿಸುವುದು. ಇಂಥ ಪ್ರಯತ್ನಗಳು ನಮ್ಮ ದೇಶದಲ್ಲೂ ನಡೆದಿವೆ. ಇದಕ್ಕೆ ಸಿಟ್ರಸ್ ಬೀಜದ ಒಂದು ಗುಣ ನೆರವಾಗುತ್ತದೆ. ನಿಂಬೆಯ ಒಂದು ಬೀಜ ಹಾಕಿದರೆ ಎರಡು ಮೂರು ಸಸಿ ಏಳುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಬಹುಪಾಲು ತಾಯಿಯ ಅಂಗಾಂಶದಿಂದ ನೇರ ಬಂದ ನಕಲು. ಅಂದರೆ ಒಂದು ಒಳ್ಳೆಯ ಬೇರುಸಸಿ ಸಿಕ್ಕಿ ಅದರ ಗುಣ ಎರಡನೆಯ ಪದರದಲ್ಲೂ ನಿಂತರೆ, ಬೀಜದಿಂದಲೇ ಸಾವಿರಗಟ್ಟಲೆ ಒಂದೇ ಥರದ ಸಸಿ ಮಾಡಬಹುದು. ಬರ, ಗಡಸು ನೀರು, ಸುಣ್ಣದ ನೆಲ ಇರುವ ನಮ್ಮ ಜಿಲ್ಲೆಗೆ ಕೆಂಪು ಹಣ್ಣಿಗಿಂತ, ಬೀಜವಿಲ್ಲದ ಹಣ್ಣಿಗಿಂತ ಇಂಥ ಒಂದು ಬೇರು ಹೆಚ್ಚು ಬೇಕು ಅನ್ನುವುದು ನನ್ನ ಗಟ್ಟಿ ಅನಿಸಿಕೆ.

ತಿನ್ನುವವರ ಪೋಷಣೆಯ ಬಗ್ಗೆಯೂ ಒಂದು ಮಾತು. ಕೆಂಪು ಗ್ರೇಪ್‌ಫ್ರೂಟ್‌ನ ಕೆಂಪು ಲೈಕೋಪೀನ್‌ನಿಂದ ಬರುತ್ತದೆ, ಟೊಮ್ಯಾಟೊದಲ್ಲಿ ಇರುವುದೂ ಅದೇ. ಬಿಳಿ ತಿರುಳಿನ ಹಣ್ಣಿನಲ್ಲಿ ಅದು ಇಲ್ಲ. ಇಷ್ಟರ ಮಟ್ಟಿಗೆ ಬದಲಾವಣೆ ನಿಜ. ಆದರೆ ಕಿರಣ ಕೊಟ್ಟ ತಳಿ ಅಂದ ತಕ್ಷಣ ವಿಟಮಿನ್ ಸಿ ಜಾಸ್ತಿ ಅಂತೇನೂ ಇಲ್ಲ. ತಳಿ ತಳಿಗೆ ಅಳೆದೇ ಹೇಳಬೇಕು.

ಚಿಕ್ಕಪ್ಪ ಆ ಸಸಿ ಮಾರುವವರಿಗೆ ಫೋನ್ ಹಚ್ಚಿ ನಾಲ್ಕು ಮಾತು ಕೇಳಿದರು. ತಳಿಯ ಹೆಸರೇನು, ಯಾವ ಸಂಸ್ಥೆ ಬಿಡುಗಡೆ ಮಾಡಿದ್ದು? ಕೆಳಗಿನ ಬೇರು ಯಾವುದು? ಎಷ್ಟನೇ ಸಲದ ಕಸಿ? ಕಾಯಿ ಬಿಟ್ಟ ತಾಯಿ ಗಿಡವನ್ನು ಎಲ್ಲಿ ನೋಡಬಹುದು? ಯಾವುದಕ್ಕೂ ಉತ್ತರ ಬರಲಿಲ್ಲ. ಸಸಿ ಕೊಳ್ಳಲಿಲ್ಲ.

ಇನ್ನು ಆ ಮುಳ್ಳು ಕಡಿಮೆಯ ಕೊಂಬೆ. ಅದು ನಿಜವಾದ ಬದಲಾವಣೆಯೋ, ಗಿಡಕ್ಕೆ ವಯಸ್ಸಾದಂತೆ ಮುಳ್ಳು ತಾನೇ ಇಳಿಯುವ ಸಹಜ ಗುಣವೋ ಅಂತ ನೋಡಿ ಹೇಳಲಾಗುವುದಿಲ್ಲ. ಕಸಿ ಮಾಡಿಯೇ ತಿಳಿಯಬೇಕು. ಹಿರಿಯೂರಿನ ಬಬ್ಬೂರು ಫಾರಂನ ಸಂಶೋಧನಾ ಕೇಂದ್ರದವರಿಗೂ ತೋರಿಸಿ ಅಂತ ಹೇಳಿ ಬಂದಿದ್ದೆ. ಕೊಂಬೆಗೆ ಕೆಂಪು ಬಟ್ಟೆ ಕಟ್ಟಿದ್ದಾರೆ. ಮಳೆ ಬಿದ್ದ ಮೇಲೆ ಅದರಿಂದ ಹನ್ನೆರಡು ಕಣ್ಣು, ಅದೇ ಗಿಡದ ಮುಳ್ಳಿರುವ ಇನ್ನೊಂದು ಕೊಂಬೆಯಿಂದ ಹನ್ನೆರಡು ಕಣ್ಣು ತೆಗೆದು ಜಂಬೇರಿ ಸಸಿಗೆ ಕಸಿ ಮಾಡಿದ್ದಾರೆ. ಮೊನ್ನೆ ಫೋಟೋ ಕಳಿಸಿದ್ದರು. ಮೊದಲ ಸಾಲಿನಲ್ಲಿ ಒಂಬತ್ತು, ಎರಡನೇ ಸಾಲಿನಲ್ಲಿ ಹನ್ನೊಂದು ಹಿಡಿದಿವೆ. ಚಿಗುರು ಇನ್ನೂ ಗೇಣುದ್ದ. ಮುಳ್ಳು ಎಣಿಸಲು ಒಂದು ನೋಟ್‌ಬುಕ್ ಇಟ್ಟಿದ್ದಾರೆ, ಎಲೆಯ ಬಣ್ಣಕ್ಕೂ ಅದರಲ್ಲಿ ಒಂದು ಸಾಲು ಬಿಟ್ಟಿದ್ದಾರೆ.